ರೀನಾ ಕೊಟ್ಟ ಸೊನ್ನೆ

2020ರಲ್ಲಿ ನಾನು ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ, ಕ್ರೀಡಾ ದತ್ತಾಂಶ ಒದಗಿಸುವ ಒಂದು ಸಣ್ಣ ಕಂಪನಿಯಲ್ಲಿ ಕ್ವಾಲಿಟಿ ಅನಲಿಸ್ಟ್ ಆಗಿದ್ದೆ. ಮಣಿಪಾಲದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅಲ್ಲಿ ಸೇರಿ ಎರಡನೆಯ ವರ್ಷ. ನನ್ನ ಬಗ್ಗೆ ಇಷ್ಟು ಸಾಕು. ಹೇಳಬೇಕಾಗಿರುವುದು ರೀನಾ ಎಂಬ ಸಹೋದ್ಯೋಗಿಯ ಬಗ್ಗೆ, ಮತ್ತು ಅವರ ಕೆಲಸವನ್ನು ತೆಗೆದ ಒಂದು ಅಂಕದ ಬಗ್ಗೆ. ಆ ಅಂಕವನ್ನು ಲೆಕ್ಕ ಹಾಕುವುದು ನನ್ನ ಉದ್ಯೋಗವಾಗಿತ್ತು.

ಅಮೆರಿಕದ ಒಂದು ಸಂಸ್ಥೆಗಾಗಿ ನಾವು ಅಮೆರಿಕನ್ ಫುಟ್ಬಾಲ್ ಆಟಗಾರರಿಗೆ ಗ್ರೇಡ್ ಹಾಕಿ ಕೊಡುತ್ತಿದ್ದೆವು. ನಮಗೆ ಗೊತ್ತಿರುವ ಫುಟ್ಬಾಲ್ ಇದಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಡಿಕ್ಕಿ ಹೊಡೆದುಕೊಂಡು ಆಡುವ ಆಟ. ಅದು ತುಂಡುತುಂಡಾಗಿ ನಡೆಯುತ್ತದೆ. ಕೆಲವೇ ಸೆಕೆಂಡುಗಳ ಒಂದೊಂದು ತುಂಡಿಗೂ ‘ಪ್ಲೇ’ ಎನ್ನುತ್ತಾರೆ. ಪ್ರತಿ ಪ್ಲೇಯಲ್ಲೂ ಪ್ರತಿ ಆಟಗಾರನನ್ನು ವಿಡಿಯೊದಲ್ಲಿ ಹಿಂದೆಮುಂದೆ ಓಡಿಸಿ ನೋಡಿ, ಚೆನ್ನಾಗಿ ಮಾಡಿದರೆ ಪ್ಲಸ್, ಸಾಧಾರಣವಾದರೆ ಸೊನ್ನೆ, ಕೆಡಿಸಿದರೆ ಮೈನಸ್ ಹಾಕಬೇಕು. ಸೀಸನ್ ಮುಗಿಯುವಾಗ ಇವೆಲ್ಲ ಸೇರಿ ಆಟಗಾರನಿಗೆ ನೂರರಲ್ಲಿ ಒಂದು ಅಂಕ ಬರುತ್ತದೆ. ಟಿವಿಯವರು ಅದನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ಏಜೆಂಟರು ಸಂಬಳದ ಮಾತುಕತೆಗೆ ಒಯ್ಯುತ್ತಿದ್ದರು. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎನ್ನುವಾಗ ಕ್ಲಬ್ಬುಗಳೂ ನೋಡುತ್ತಿದ್ದವು. ನಮ್ಮ ಕಚೇರಿಯಲ್ಲಿ ಒಬ್ಬರೂ ಈ ಆಟವನ್ನು ಮೈದಾನದಲ್ಲಿ ಕುಳಿತು ನೋಡಿದವರಲ್ಲ.

ಗ್ರೇಡ್ ಹಾಕುವವರಿಗೂ ಗ್ರೇಡ್ ಇತ್ತು. ಒಂದೇ ಪಂದ್ಯವನ್ನು ಇಬ್ಬರು ಗ್ರೇಡರ್‌ಗಳು ಒಬ್ಬರಿಗೊಬ್ಬರು ತಿಳಿಯದಂತೆ ನೋಡುತ್ತಿದ್ದರು. ಇಬ್ಬರ ಗುರುತು ಬೇರೆಯಾದರೆ ಮ್ಯಾನೇಜರ್ ತೀರ್ಮಾನಿಸುತ್ತಿದ್ದ. ಅಂತಿಮ ತೀರ್ಮಾನಕ್ಕೆ ಯಾರ ಗುರುತುಗಳು ಎಷ್ಟು ಹೊಂದಿದವು ಎಂಬುದೇ ಅವರ ‘ಅಗ್ರಿಮೆಂಟ್ ಸ್ಕೋರ್’. ಅದು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಸೀಸನ್ ಕೊನೆಯಲ್ಲಿ ಕರಾರು ನವೀಕರಣವಿಲ್ಲ. ಪ್ರತಿ ಶುಕ್ರವಾರ ಈ ಸ್ಕೋರುಗಳ ತಖ್ತೆಯನ್ನು ನಾನು ಕಳಿಸುತ್ತಿದ್ದೆ.

ರೀನಾ ಮಂಗಳೂರಿನವರು, ಓದಿದ್ದು ಫಿಸಿಯೊಥೆರಪಿ. ಪಕ್ಕದ ಕ್ಲಾಂಗ್ ಜಿಲ್ಲೆಯಲ್ಲಿ ಮನೆ, ಅಲ್ಲಿಯದೇ ಒಂದು ಕ್ಲಿನಿಕ್‌ನಲ್ಲಿ ಕೆಲಸ. 2020ರ ಮಾರ್ಚ್‌ನಲ್ಲಿ ಮಲೇಷ್ಯಾ ಸರ್ಕಾರ ಸಂಚಾರ ನಿರ್ಬಂಧ ಹೇರಿದಾಗ ಕ್ಲಿನಿಕ್ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಎರಡು ತಿಂಗಳ ನಂತರ ಬಂದರಿನ ಸರಕು ಸಾಗಣೆ ಕಚೇರಿಯಲ್ಲಿದ್ದ ಅವರ ಗಂಡ ಸ್ಟ್ಯಾನಿಯ ಕೆಲಸವೂ ಹೋಯಿತು. ಮನುಷ್ಯನ ಮೈ ಹೇಗೆ ಚಲಿಸುತ್ತದೆಂದು ತಿಳಿದವರು ಬೇಕು ಎಂದು ನಮ್ಮ ಕಂಪನಿ ಆಗ ಅವರನ್ನು ತೆಗೆದುಕೊಂಡಿತು. ಅಂದಿನಿಂದ ಅವರ ಎಂಪ್ಲಾಯ್‌ಮೆಂಟ್ ಪಾಸ್‌ನ ಮೇಲೆ ಗಂಡ, ಮಗಳು ಇಬ್ಬರೂ ಆ ದೇಶದಲ್ಲಿ ಉಳಿದಿದ್ದರು. ಕೆಲಸ ಹೋದರೆ ಪಾಸ್ ಹೋಗುತ್ತದೆ, ಪಾಸ್ ಹೋದರೆ ಮೂವರೂ ಹೊರಡಬೇಕು. ಮಗಳು ಅಲಿಶಾ ಹತ್ತು ವರ್ಷದವಳು, ಅಲ್ಲಿಯೇ ಹುಟ್ಟಿದವಳು. ಅಮ್ಮ ಕನ್ನಡದಲ್ಲಿ ಬೈದರೆ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ವಾದಿಸುತ್ತಿದ್ದಳು. ಆನ್‌ಲೈನ್ ಮೀಟಿಂಗುಗಳಲ್ಲಿ ನಮಗೆಲ್ಲ ಆ ವಾದ ಕೇಳಿಸುತ್ತಿತ್ತು.

ಸೆಪ್ಟೆಂಬರ್‌ನಲ್ಲಿ ಸೀಸನ್ ಶುರುವಾಯಿತು. ಕೆಲವು ವಾರಗಳಲ್ಲಿ ರೀನಾ ಅವರ ಸ್ಕೋರ್ ಇಳಿಯತೊಡಗಿತು. ನಾನು ಅವರ ಭಿನ್ನ ಗುರುತುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಬಹುಪಾಲು ಒಂದೇ ಜಾತಿಯವು. ಉಳಿದವರು ಲೈನ್‌ಮನ್‌ಗೆ ಮೈನಸ್ ಹಾಕಿದ ಕಡೆ ಇವರು ಸೊನ್ನೆ ಹಾಕಿ, ಪಕ್ಕದಲ್ಲಿ ‘ತಿಳಿಯದು’ ಎಂದು ಬರೆದಿದ್ದರು.

ಲೈನ್‌ಮನ್ ಎಂದರೆ ಮುಂಚೂಣಿಯಲ್ಲಿ ನಿಲ್ಲುವ ಐವರು ದಢೂತಿ ಆಟಗಾರರಲ್ಲಿ ಒಬ್ಬ. ಹಿಂದೆ ಚೆಂಡು ಎಸೆಯಲು ನಿಂತ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎದುರಾಳಿಗಳು ನುಗ್ಗದಂತೆ ತಡೆಯುವುದು ಇವರ ಕೆಲಸ. ಕೆಲವು ಪ್ಲೇಗಳಲ್ಲಿ ಪ್ರತಿಯೊಬ್ಬನೂ ತನ್ನ ಎದುರಿಗಿದ್ದವನನ್ನು ತಡೆಯಬೇಕು. ಇನ್ನು ಕೆಲವು ಪ್ಲೇಗಳಲ್ಲಿ ಎದುರಿಗಿದ್ದವನನ್ನು ಬಿಟ್ಟು ಪಕ್ಕದ ಜಾಗವನ್ನು ಕಾಯಬೇಕು, ಬಿಟ್ಟವನನ್ನು ಹಿಂದಿನಿಂದ ಮತ್ತೊಬ್ಬ ಬಂದು ತಡೆಯುತ್ತಾನೆ. ಯಾವ ಪ್ಲೇಯಲ್ಲಿ ಯಾವ ಆದೇಶವಿತ್ತು ಎಂಬುದು ತಂಡದೊಳಗಿನ ಮಾತು. ವಿಡಿಯೊದಲ್ಲಿ ಅದು ಕೇಳಿಸುವುದಿಲ್ಲ. ಒಬ್ಬನ ಕೆಲಸ ಏನಾಗಿತ್ತು ಎಂದು ತಿಳಿಯದೆಯೇ, ಅವನು ಕೆಲಸ ಮಾಡಿದನೋ ಇಲ್ಲವೋ ಎಂದು ನಾವು ಹೇಳುತ್ತಿದ್ದೆವು. ಇದಕ್ಕೆ ನಮ್ಮ ಮ್ಯಾನ್ಯುವಲ್‌ನಲ್ಲಿ ಸುಲಭದ ದಾರಿಯೊಂದಿತ್ತು: ಜವಾಬ್ದಾರಿ ಯಾರದೆಂದು ಸ್ಪಷ್ಟವಿಲ್ಲದಿದ್ದರೆ, ಹತ್ತಿರದ ಲೈನ್‌ಮನ್‌ಗೆ ಮೈನಸ್.

ಅಕ್ಟೋಬರ್‌ನ ಒಂದು ಪಂದ್ಯದಲ್ಲಿ ಅಂಥ ಪ್ಲೇ ಬಂತು. ಎಡಗಡೆಯಿಂದ ಎರಡನೆಯವನಾಗಿ ನಿಲ್ಲುವ ಲೈನ್‌ಮನ್‌ಗೆ ಎಡ ಗಾರ್ಡ್ ಎನ್ನುತ್ತಾರೆ. ಆ ತಂಡದ ಎಡ ಗಾರ್ಡ್ ಹಲವು ವರ್ಷ ಆಡಿದವನು. ಚೆಂಡು ಹಿಂದಕ್ಕೆ ಹೋದ ಕೂಡಲೇ ಅವನು ಎದುರಿಗಿದ್ದವನನ್ನು ಬಿಟ್ಟು ಎಡಕ್ಕೆ ಸರಿದ. ಬಿಟ್ಟವನು ನೇರ ನುಗ್ಗಿ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವಿದ. ಚೆಂಡು ಹಿಡಿದು ಓಡುವ, ಕೆಲವೊಮ್ಮೆ ಹಿಂದಿನಿಂದ ಬಂದು ತಡೆಯಲೂ ಬೇಕಾದ ಆಟಗಾರ ರನ್ನಿಂಗ್ ಬ್ಯಾಕ್; ಹೊಸಬನಾದ ಅಂಥವನೊಬ್ಬ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಮೊದಲ ಗ್ರೇಡರ್ ಗಾರ್ಡ್‌ಗೆ ಮೈನಸ್ ಹಾಕಿದರು. ರೀನಾ ಸೊನ್ನೆ ಹಾಕಿದರು.

ಸೋಮವಾರದ ಮೀಟಿಂಗ್‌ನಲ್ಲಿ ಮ್ಯಾನೇಜರ್ ಪ್ರಕಾಶ್ ಆ ಪ್ಲೇಯನ್ನು ಪರದೆಯ ಮೇಲೆ ಹಾಕಿದ. ಅವನ ತಂದೆತಾಯಿ ಕನ್ನಡಿಗರು, ಅವನು ಬೆಳೆದದ್ದು ಪೆಟಾಲಿಂಗ್ ಜಯಾದಲ್ಲಿ. ನಾವು ಕನ್ನಡದಲ್ಲಿ ಹೇಳಿದ್ದು ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ, ಅಲ್ಲಿಯವರಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ.

“ರೀನಾ, ಹೌ ಈಸ್ ದಿಸ್ ಝೀರೊ? ಹಿ ಮಿಸ್ಡ್ ಹಿಸ್ ಮ್ಯಾನ್, ಲಾ.”

“ಅವನ ಮ್ಯಾನ್ ಅಂತ ನಿಂಗೆ ಹೇಳಿದ್ಯಾರು ಪ್ರಕಾಶ್?” ಎಂದರು ರೀನಾ. “ಅವನ ತಲೆ ನೋಡು. ಸೊಂಟ ನೋಡು. ತಪ್ಪಿಸಿಕೊಂಡವನ ಹಿಂದೆ ಯಾರಾದ್ರೂ ಒಮ್ಮೆ ತಿರುಗಿ ನೋಡ್ತಾರಾ ಇಲ್ವಾ? ಇವ ನೋಡಲೇ ಇಲ್ಲ. ಸೀದಾ ತನ್ನ ಜಾಗಕ್ಕೆ ಹೋಗಿ ನಿಂತಿದ್ದಾನೆ. ಸೋತವನ ಮೈ ಹಾಗಿರುದಿಲ್ಲ ಮಾರಾಯ.”

“ಸೊ ಇಟ್ಸ್ ದ ರನ್ನಿಂಗ್ ಬ್ಯಾಕ್?”

“ಅದೂ ನಂಗೆ ಗೊತ್ತಿಲ್ಲ. ಅದಕ್ಕೇ ‘ತಿಳಿಯದು’ ಅಂತ ಬರ್ದದ್ದು.”

“ಕ್ಲೈಂಟ್ ಈಸ್ ನಾಟ್ ಪೇಯಿಂಗ್ ಫಾರ್ ‘ತಿಳಿಯದು’,” ಎಂದ ಪ್ರಕಾಶ್. ಅವನು ಬಾಯಿಬಿಟ್ಟು ಆಡಿದ, ನನಗೆ ನೆನಪಿರುವ ಒಂದೇ ಕನ್ನಡ ಪದ ಅದು. ಮೀಟಿಂಗ್‌ನಲ್ಲಿ ಒಂದಿಬ್ಬರು ನಕ್ಕರು. ರೀನಾ ಕೂಡ ನಕ್ಕರು. ಗಾರ್ಡ್‌ಗೆ ಮೈನಸ್ ಉಳಿಯಿತು, ರೀನಾ ಅವರ ಲೆಕ್ಕದಲ್ಲಿ ಮತ್ತೊಂದು ಭಿನ್ನತೆ ಸೇರಿತು.

ಪ್ರಕಾಶ್ ಕೆಟ್ಟವನಾಗಿರಲಿಲ್ಲ. ಪ್ರೇಕ್ಷಕರಿಲ್ಲದೆ ಪಂದ್ಯಗಳು ನಡೆದು ಅಮೆರಿಕದಲ್ಲಿ ಆದಾಯ ಕುಸಿದಿತ್ತು. ಗ್ರಾಹಕ ಸಂಸ್ಥೆ ನಮ್ಮ ಕೆಲಸವನ್ನು ಇನ್ನೂ ಅಗ್ಗದ ಊರಿಗೆ ಒಯ್ಯುವ ಮಾತಾಡುತ್ತಿತ್ತು. ಅವರಿಗೆ ತೋರಿಸಲು ಅವನ ಬಳಿ ಇದ್ದದ್ದು ಅಗ್ರಿಮೆಂಟ್ ಸ್ಕೋರ್ ಒಂದೇ.

ಆ ಸಂಜೆ ನಾನು ರೀನಾಗೆ ಫೋನ್ ಮಾಡಿದೆ. ಸ್ಕೋರ್ ಎಲ್ಲಿಗೆ ಬಂದಿದೆ, ಹೀಗೇ ಹೋದರೆ ಸೀಸನ್ ಕೊನೆಗೆ ಎಲ್ಲಿಗೆ ತಲುಪುತ್ತದೆ ಎಂದು ಹೇಳಿದೆ.

“ಹಾಗಾದ್ರೆ ಎಂತ ಮಾಡುದು? ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹಾಕುದಾ?”

“ಮ್ಯಾನ್ಯುವಲ್ ಹಾಗೇ ಹೇಳುತ್ತದೆ.”

“ಒಂದು ವಾರ ಹಾಕಿ ನೋಡಿದೆ ಮಾರಾಯ್ತಿ, ಸುಳ್ಳು ಹೇಳುದಿಲ್ಲ. ಆಮೇಲೆ ಒಳ್ಳೆ ಪ್ಲೇಯಲ್ಲೂ ಎಲ್ಲಿ ತಪ್ಪುಂಟು ಅಂತ ಹುಡುಕ್ಲಿಕ್ಕೆ ಶುರು ಮಾಡಿದೆ. ಕಣ್ಣು ಹಾಳಾಗ್ತದೆ. ಕಣ್ಣು ಹಾಳಾದ್ರೆ ನಾನು ಮುಂದೆ ಪೇಷೆಂಟ್ ನೋಡುದು ಹೇಗೆ?” ಹಿಂದಿನಿಂದ ಸ್ಟ್ಯಾನಿ ಏನೋ ಹೇಳಿದರು. “ನೋಡು, ಇವರು ಹೇಳ್ತಾರೆ, ‘ಯಾರೋ ಗೊತ್ತಿಲ್ಲದ ಗಡವನಿಗೆ ಒಂದು ಮೈನಸ್ ಹಾಕಿ ಬಿಡು, ನಮಗೆ ಇಲ್ಲಿ ಇರ್ಲಿಕ್ಕೆ ಆಗ್ತದಲ್ಲ’ ಅಂತ. ಅದೂ ಸರಿಯೇ.”

ಆದರೂ ಅವರು ಹಾಕಲಿಲ್ಲ.

ನವೆಂಬರ್‌ನಲ್ಲಿ ಒಂದು ಅವಕಾಶ ಬಂತು. ಗ್ರೇಡ್ ಬಗ್ಗೆ ತಕರಾರು ಇದ್ದರೆ ಏಜೆಂಟ್ ಮೂಲಕ ಮರುಪರಿಶೀಲನೆ ಕೇಳುವ ಪದ್ಧತಿ ಗ್ರಾಹಕ ಸಂಸ್ಥೆಯಲ್ಲಿತ್ತು. ಆ ಎಡ ಗಾರ್ಡ್‌ನ ಏಜೆಂಟ್ ಕೇಳಿದ್ದ. ಅವನ ಕರಾರು ಆ ವರ್ಷಕ್ಕೆ ಮುಗಿಯುತ್ತಿತ್ತು. ಮರುಪರಿಶೀಲನೆಗೆ ಬಂದ ಪ್ಲೇಗಳಲ್ಲಿ ಅಕ್ಟೋಬರ್‌ನದ್ದೂ ಇತ್ತು, ರೀನಾ ಸೊನ್ನೆ ಹಾಕಿದ ಇನ್ನೂ ಕೆಲವು ಇದ್ದವು. ಅವುಗಳ ತೀರ್ಮಾನ ಬದಲಾದರೆ ರೀನಾ ಅವರ ಸ್ಕೋರ್ ಮಟ್ಟದ ಮೇಲಕ್ಕೆ ಬರುತ್ತಿತ್ತು. ನಾನು ಲೆಕ್ಕ ಹಾಕಿ ನೋಡಿದ್ದೆ.

ಮಹಾಮಾರಿಯ ಕಾಲದಲ್ಲಿ ಎಲ್ಲವೂ ವಿಡಿಯೊ ಕಾಲ್‌ಗೆ ಬಂದಿದ್ದರಿಂದ ನಮಗೂ ಕೂರಲು ಅನುಮತಿ ಸಿಕ್ಕಿತು, ಕ್ಯಾಮೆರಾ ಮುಚ್ಚಿ, ಮಾತಾಡದೆ. ಅವರ ಸಂಜೆ, ನಮ್ಮ ಬೆಳಿಗ್ಗೆ. ಗಾರ್ಡ್ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದ. ವಿಡಿಯೊದಲ್ಲಿ ನೂರಾರು ಸಲ ನೋಡಿದ್ದ ಆ ಮನುಷ್ಯನ ಮುಖವನ್ನು ಹೆಲ್ಮೆಟ್ ಇಲ್ಲದೆ ನಾವು ಅಂದೇ ಮೊದಲು ನೋಡಿದ್ದು. ಕಿವಿಗಳು ಜಜ್ಜಿದಂತಿದ್ದವು.

ಗ್ರಾಹಕ ಸಂಸ್ಥೆಯ ಪ್ರತಿನಿಧಿ ಅಕ್ಟೋಬರ್‌ನ ಪ್ಲೇ ತೋರಿಸಿ ಸೌಜನ್ಯದಿಂದಲೇ ಕೇಳಿದಳು: “ಇಲ್ಲಿ ನಿಮ್ಮ ಜವಾಬ್ದಾರಿ ಏನಿತ್ತು?”

ಗಾರ್ಡ್ ಹೇಳಿದ: “ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬಿದ್ದರೆ ಅದು ನಮ್ಮ ಐವರದೂ ತಪ್ಪು.”

“ಆ ನುಗ್ಗಿದವನನ್ನು ತಡೆಯಬೇಕಾದವನು ಯಾರು ಎಂದು ಕೇಳುತ್ತಿದ್ದೇನೆ.”

“ಕೇಳಿಸಿತು.”

“ಹೇಳಪ್ಪ, ಏನು ಆದೇಶ ಇತ್ತು ಅಂತ,” ಎಂದ ಏಜೆಂಟ್.

“ಅದು ತಂಡದ ಕೋಣೆಯೊಳಗಿನ ಮಾತು. ಇವರಿಗೆ ಹೇಳುವುದಿಲ್ಲ.”

“ಹಾಗಾದರೆ ನಾವು ಇಲ್ಲಿಗೆ ಬಂದದ್ದು ಯಾಕೆ?”

“ಬರಬೇಕು ಅಂದವನು ನೀನು.”

ಪ್ರತಿನಿಧಿ ಮುಂದಿನ ಪ್ಲೇ ತೋರಿಸಿದಳು. ಉತ್ತರ ಅದೇ. ಲೈನ್‌ಮನ್‌ಗಳಲ್ಲಿ ಇಂಥದ್ದೊಂದು ಕಟ್ಟುಪಾಡು ಇರುತ್ತದೆಂದು ನಾನು ಕೇಳಿದ್ದೆ. ತಂಡದೊಳಗೆ ಏನು ಬೇಕಾದರೂ ಬೈದುಕೊಳ್ಳುತ್ತಾರೆ, ಹೊರಗಿನವರ ಮುಂದೆ ಒಬ್ಬನ ತಪ್ಪನ್ನು ಇನ್ನೊಬ್ಬ ಬೊಟ್ಟು ಮಾಡುವುದಿಲ್ಲ. ಆದೇಶ ಹೀಗಿತ್ತು ಎಂದು ಅವನು ಒಂದು ವಾಕ್ಯ ಹೇಳಿದ್ದರೂ ಆ ಹೊಸ ಹುಡುಗನ ಹೆಸರು ಹೇಳಿದಂತೆಯೇ ಆಗುತ್ತಿತ್ತು. ಆ ಒಂದು ವಾಕ್ಯದ ಮೇಲೆ ಕ್ಲಾಂಗ್‌ನ ಒಂದು ಮನೆ ನಿಂತಿದೆ ಎಂದು ಅವನಿಗೆ ಗೊತ್ತಾಗುವ ದಾರಿ ಇರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದನೇ ಎಂದು ನಾನು ಆಗಾಗ ಯೋಚಿಸಿದ್ದೇನೆ. ಹೇಳುತ್ತಿರಲಿಲ್ಲ ಎನಿಸುತ್ತದೆ.

ಕಾಲ್ ನಡೆಯುತ್ತಿರುವಾಗಲೇ ರೀನಾ ನನಗೆ ಚಾಟ್‌ನಲ್ಲಿ ಬರೆದರು: ‘ಇವನಿಗೆ ಎಲ್ಲ ಗೊತ್ತುಂಟು. ಹೇಳುದಿಲ್ಲ.’ ಒಂದು ನಿಮಿಷದ ಮೇಲೆ ಮತ್ತೊಂದು: ‘ಒಳ್ಳೆ ಮನುಷ್ಯ. ಹಾಳಾಗಿ ಹೋಗ್ಲಿ.’

ಬದಲಾವಣೆ ಇಲ್ಲ ಎಂದು ದಾಖಲಾಯಿತು.

ನನಗೆ ಉಳಿದಿದ್ದು ನನ್ನ ವಿದ್ಯೆ. ಇಬ್ಬರು ಒಂದೇ ಉತ್ತರ ಕೊಟ್ಟರು ಎಂದಾಕ್ಷಣ ಉತ್ತರ ಸರಿಯೆಂದಲ್ಲ. ಒಂದೇ ಕೆಟ್ಟ ಗಡಿಯಾರ ನೋಡಿದವರೆಲ್ಲ ಒಂದೇ ಸಮಯ ಹೇಳುತ್ತಾರೆ. ಸಂಖ್ಯಾಶಾಸ್ತ್ರದ ಮೊದಲ ವರ್ಷದಲ್ಲೇ ಕಲಿಸುವ ಸಂಗತಿ ಇದು: ರಿಲಯಬಿಲಿಟಿ ಬೇರೆ, ವ್ಯಾಲಿಡಿಟಿ ಬೇರೆ. ಅಳತೆ ಪ್ರತಿ ಸಲ ಒಂದೇ ಬರುವುದು ಮೊದಲನೆಯದು, ಅಳೆಯಬೇಕಾದದ್ದನ್ನೇ ಅಳೆಯುವುದು ಎರಡನೆಯದು. ನಮ್ಮ ಗ್ರೇಡರ್‌ಗಳು ಒಪ್ಪುತ್ತಿದ್ದುದು ಆಟವನ್ನು ಕಂಡು ಅಲ್ಲ, ಮ್ಯಾನ್ಯುವಲ್‌ನ ಒಂದು ವಾಕ್ಯವನ್ನು ಓದಿ. ಕೋಚ್‌ಗಳೋ ಆಟಗಾರರೋ ಪಂದ್ಯದ ನಂತರ ಬಹಿರಂಗವಾಗಿ ವಿವರಿಸಿದ ಪ್ಲೇಗಳನ್ನು ನಾನು ಹುಡುಕಿ ತೆಗೆದೆ. ಅವುಗಳ ಮಟ್ಟಿಗಾದರೂ ನಿಜ ಏನೆಂದು ಗೊತ್ತಿತ್ತು. ನಮ್ಮ ಇಬ್ಬರೂ ಗ್ರೇಡರ್‌ಗಳು ಒಪ್ಪಿ ಹಾಕಿದ ಮೈನಸ್‌ಗಳಲ್ಲಿ ಹಲವು ತಪ್ಪು ಮನುಷ್ಯನಿಗೆ ಬಿದ್ದಿದ್ದವು. ‘ತಿಳಿಯದು’ ಎಂದು ಬಿಟ್ಟ ಕಡೆ ಯಾರಿಗೂ ಅನ್ಯಾಯವಾಗಿರಲಿಲ್ಲ. ಇದನ್ನು ಎರಡು ಪುಟದಲ್ಲಿ ಬರೆದು ಪ್ರಕಾಶ್‌ಗೆ ಕಳಿಸಿದೆ.

ಅವನು ಗಮನವಿಟ್ಟು ಓದಿದ್ದ. “ವಾಟ್ ಈಸ್ ಯುವರ್ ಸ್ಯಾಂಪಲ್ ಸೈಜ್, ವಿದ್ಯಾ?”

“ಸಣ್ಣದು.”

ಎಷ್ಟು ಸಣ್ಣದು ಎನ್ನುವಂತೆ ಅವನು ಹೆಬ್ಬೆರಳು ತೋರುಬೆರಳನ್ನು ಹತ್ತಿರ ತಂದು ತೋರಿಸಿದ.

“ಇದರಿಂದ ಇಡೀ ಸೀಸನ್ ಬಗ್ಗೆ ಖಚಿತವಾಗಿ ಹೇಳಲಾಗುವುದಿಲ್ಲ. ಆದರೆ ಪರೀಕ್ಷಿಸಿ ನೋಡಲು ಸಾಕಷ್ಟು ಕಾರಣ ಇದೆ.”

“ದೇರ್ ಯು ಗೋ, ಲಾ. ನೀವೇ ಖಚಿತ ಇಲ್ಲ ಅಂತೀರಿ, ನಾನು ಕ್ಲೈಂಟ್‌ಗೆ ಏನು ಹೇಳಲಿ?” ಎಂಬರ್ಥದ ಮಾತನ್ನು ಅವನು ಇಂಗ್ಲಿಷಿನಲ್ಲಿ ಹೇಳಿದ. ನಿಖರವಾಗಿರಬೇಕೆಂದು ನನಗೆ ಕಲಿಸಿದ್ದರು. ಊಹೆಯ ಮೇಲೆ ಹಾಕಿದ ಗ್ರೇಡ್‌ಗೆ ನಿಖರತೆಯ ಪರೀಕ್ಷೆ ಇರಲಿಲ್ಲ, ಅದನ್ನು ಪ್ರಶ್ನಿಸುವವಳಿಗೆ ಇತ್ತು.

2021ರ ಜನವರಿಯಲ್ಲಿ ನಿರ್ಬಂಧ ಮತ್ತೆ ಬಿಗಿಯಾಯಿತು. ಮಾಮಕ್ ಎನ್ನುವ ಚಹಾ-ತಿಂಡಿಯ ಅಂಗಡಿಗಳಲ್ಲಿ ಕುಳಿತು ಚಹಾ ಕುಡಿಯುವಂತಿಲ್ಲ, ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಹೋಗಬೇಕು. ಜಿಲ್ಲೆ ದಾಟುವಂತಿಲ್ಲ. ಫೆಬ್ರವರಿಯಲ್ಲಿ ಸೀಸನ್ ಮುಗಿದು ಸ್ಕೋರುಗಳು ಅಂತಿಮವಾದವು. ರೀನಾ ಅವರದು ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿತ್ತು. ಕರಾರಿನ ಕೊನೆಯ ಕಾಲ್‌ಗೆ ಪ್ರಕಾಶ್ ನನ್ನನ್ನೂ ಕರೆದ. ಲೆಕ್ಕದ ವಿಧಾನವನ್ನು ವಿವರಿಸಲು ಒಬ್ಬರು ಇರಬೇಕೆಂಬ ನಿಯಮವಿತ್ತು.

ನಾನು ವಿವರಿಸಿದೆ. ರೀನಾ ಕೇಳಿಸಿಕೊಂಡರು. ಆಮೇಲೆ, “ಲೆಕ್ಕ ಸರಿ ಉಂಟು, ನಾನೂ ಕೂಡಿಸಿ ನೋಡಿದ್ದೇನೆ. ನಾನು ಎಲ್ಲಿ ತಪ್ಪು ಮಾಡಿದ್ದು ಅಂತ ಹೇಳು ವಿದ್ಯಾ. ಒಂದು ಪ್ಲೇ ತೋರಿಸು,” ಎಂದರು.

“ನೀವು ತಪ್ಪು ಮಾಡಿದ್ದೀರಿ ಎಂದು ಈ ಸಂಖ್ಯೆ ಹೇಳುವುದಿಲ್ಲ,” ಎಂದೆ. “ಉಳಿದವರ ಹಾಗೆ ಮಾಡಲಿಲ್ಲ ಎಂದಷ್ಟೇ ಹೇಳುತ್ತದೆ.”

“ವಿದ್ಯಾ, ಸ್ಟಿಕ್ ಟು ದ ಕ್ಯಾಲ್ಕುಲೇಶನ್, ಪ್ಲೀಸ್,” ಎಂದ ಪ್ರಕಾಶ್. ಅವನ ದನಿ ಕುಗ್ಗಿತ್ತು.

“ಅವಳನ್ನು ಬೈಬೇಡ. ಅವಳು ಕ್ಯಾಲ್ಕುಲೇಶನ್ನೇ ಹೇಳಿದ್ದು,” ಎಂದರು ರೀನಾ. ಹಿಂದಿನಿಂದ ಅಲಿಶಾಳ ದನಿ ಕೇಳಿಸಿತು: “ಮಮ್ಮಾ, ಆರ್ ವಿ ಗೋಯಿಂಗ್ ಆರ್ ನಾಟ್?” ರೀನಾ ಮೈಕ್ ಮುಚ್ಚಿದರು.

ಅವರು ಮಾರ್ಚ್‌ನಲ್ಲಿ ಒಂದು ವಿಶೇಷ ವಿಮಾನದಲ್ಲಿ ಹೊರಟರು. ಜಿಲ್ಲೆ ದಾಟುವ ಅನುಮತಿ ಸಿಗದೆ ನಾನು ಹೋಗಿ ಕಾಣಲಾಗಲಿಲ್ಲ. ಕೆಲವು ವಾರಗಳ ನಂತರ ಆ ಎಡ ಗಾರ್ಡ್‌ನನ್ನು ಕ್ಲಬ್ ಕೈಬಿಟ್ಟ ಸುದ್ದಿ ಓದಿದೆ. ವಯಸ್ಸು, ಖರ್ಚು ಕಡಿತ ಇತ್ಯಾದಿ ಕಾರಣಗಳ ನಡುವೆ ‘ಕುಸಿದ ಗ್ರೇಡ್’ ಎಂದೂ ಬರೆದಿತ್ತು. ನಾವು ಹಾಕಿದ ಗ್ರೇಡ್.

ಆ ಬೇಸಿಗೆಯಲ್ಲಿ ಹೊಸಬ ರನ್ನಿಂಗ್ ಬ್ಯಾಕ್ ಒಂದು ಸಂದರ್ಶನದಲ್ಲಿ ನಗುತ್ತಾ ಅಕ್ಟೋಬರ್‌ನ ಆ ಪ್ಲೇಯನ್ನು ನೆನೆದ. ನುಗ್ಗಿದವನು ತನ್ನ ಪಾಲಿನವನಾಗಿದ್ದ, ತಾನು ಮರೆತೆ, ಹಿರಿಯ ಗಾರ್ಡ್ ಮಾತಾಡದೆ ತನ್ನ ಮೇಲೆ ಹಾಕಿಕೊಂಡ ಎಂದ. ಎಲ್ಲರೂ ಮೆಚ್ಚಿಕೊಂಡರು. ಆ ಹೊತ್ತಿಗೆ ಗಾರ್ಡ್‌ಗೆ ಯಾವ ತಂಡವೂ ಇರಲಿಲ್ಲ.

ನಾನು ಆ ತುಣುಕನ್ನು ಪ್ರಕಾಶ್‌ಗೆ ಕಳಿಸಿದೆ, ಅವನು ಗ್ರಾಹಕ ಸಂಸ್ಥೆಗೆ ಕಳಿಸಿದ. 2021ರ ಹೊಸ ಮ್ಯಾನ್ಯುವಲ್‌ನಲ್ಲಿ ‘ಜವಾಬ್ದಾರಿ ಅಸ್ಪಷ್ಟ’ ಎಂಬ ಹೊಸ ಗುರುತು ಬಂತು. ಗುಣಮಟ್ಟ ಸುಧಾರಣೆಯ ಕ್ರಮ ಎಂದು ಅದನ್ನು ಕರೆದರು. ಹಿಂದಿನ ಸೀಸನ್ನಿನ ಗ್ರೇಡ್‌ಗಳನ್ನಾಗಲಿ ಸ್ಕೋರುಗಳನ್ನಾಗಲಿ ತಿದ್ದಲಿಲ್ಲ. ಮುಗಿದ ಸೀಸನ್ ಮುಗಿದಂತೆಯೇ.

ಮಂಗಳೂರಿಗೆ ಫೋನ್ ಮಾಡಿ ರೀನಾಗೆ ಹೇಳಿದೆ. ಅವರು ಒಂದು ಆಸ್ಪತ್ರೆಯಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದ್ದರು. ಸ್ಟ್ಯಾನಿ ಇನ್ನೂ ಹುಡುಕುತ್ತಿದ್ದರು. ಅಲಿಶಾ ಹೊಸ ಶಾಲೆಯ ಆನ್‌ಲೈನ್ ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲವಂತೆ.

“ಹಾಗಾದ್ರೆ ನಾನು ಹಾಕಿದ್ದು ಸರಿ ಅಂತಾಯ್ತು.”

“ಹೌದು.”

“ನನ್ನ ಸ್ಕೋರ್ ಬದಲಾಯ್ತಾ?”

“ಇಲ್ಲ.”

“ಅವನಿಗೆ ಟೀಮ್ ಸಿಕ್ಕಿತಾ?”

“ಇಲ್ಲ.”

“ಮತ್ತೆ ನಂಗೆ ಯಾಕೆ ಹೇಳುದು ಮಾರಾಯ್ತಿ?” ದನಿಯಲ್ಲಿ ಕೋಪವಿರಲಿಲ್ಲ. ಪೇಷೆಂಟ್ ಕಾಯುತ್ತಿದ್ದಾರೆಂದು ಹೇಳಿ ಫೋನ್ ಇಟ್ಟರು. ನಾನು ಮತ್ತೆ ಮಾಡಲಿಲ್ಲ.

ಹೊಸ ಸೀಸನ್ನಿನ ಮೊದಲ ತಿಂಗಳ ಸಭೆಯಲ್ಲಿ ಪ್ರಕಾಶ್ ಒಂದು ಗ್ರಾಫ್ ತೋರಿಸಿದ. ರೀನಾ ಮತ್ತು ಮಟ್ಟದ ಕೆಳಗಿದ್ದ ಇನ್ನಿಬ್ಬರು ಹೋದ ಮೇಲೆ ತಂಡದ ಒಟ್ಟು ಅಗ್ರಿಮೆಂಟ್ ಸ್ಕೋರ್ ಏರಿತ್ತು. ಗ್ರಾಹಕ ಸಂಸ್ಥೆ ಅಭಿನಂದಿಸಿತು. ಆ ಗ್ರಾಫ್‌ನಲ್ಲಿ ಒಂದು ಬಿಂದುವೂ ಸುಳ್ಳಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಅವುಗಳನ್ನು ಎಣಿಸಿ ಇಟ್ಟವಳು ನಾನೇ.

ಮುಂದಿನ ವರ್ಷ ಆ ಕೆಲಸ ಬಿಟ್ಟೆ. ಈಗ ಇರುವಲ್ಲಿಯೂ ಜನರಿಗೆ ಅಂಕ ಹಾಕುತ್ತಾರೆ, ಅಂಕ ಹಾಕುವವರು ಎಷ್ಟು ಒಮ್ಮತದಿಂದಿದ್ದಾರೆ ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಆ ಉದ್ಯೋಗ ನನಗೆ ಕಲಿಸಿದ್ದು ಒಂದೇ ಪ್ರಶ್ನೆ, ಅದನ್ನು ಪ್ರತಿ ಸಲ ಕೇಳುತ್ತೇನೆ: ಒಪ್ಪದೆ ಇದ್ದವರು ಈಗ ಎಲ್ಲಿದ್ದಾರೆ? ಸಾಮಾನ್ಯವಾಗಿ ಕೋಣೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.